ಸಿ.ವಿ. ರಾಮನ್ ಮತ್ತು 520.7: ನಿಮ್ಮ ಮೊಬೈಲ್ ಚಿಪ್ ನಿಜಕ್ಕೂ ‘ರಾಮನ್ ಪರಿಣಾಮ’ದಿಂದ ನಡೆಯುತ್ತದೆಯೇ?

ಫೆಬ್ರವರಿ 28 ಹತ್ತಿರ ಬಂತೆಂದರೆ ಒಂದು ಫಾರ್ವರ್ಡ್ ಮತ್ತೆ ಮತ್ತೆ ಬರುತ್ತದೆ. ಸರ್ ಸಿ.ವಿ. ರಾಮನ್ ಅವರ ಪೇಟದ ಫೋಟೊ, ಕೆಳಗೆ ನಾಲ್ಕು ಸಾಲು. ಇವತ್ತು ಅವರ ಹುಟ್ಟುಹಬ್ಬ, ಆಕಾಶ ಯಾಕೆ ನೀಲಿ ಎಂದು ಮೊದಲು ಹೇಳಿದವರು ಅವರೇ, ಇನ್ನೂರು ರೂಪಾಯಿಯ ಉಪಕರಣದಲ್ಲಿ ಒಬ್ಬರೇ ಕೂತು ನೊಬೆಲ್ ಗೆದ್ದರು, ನಿಮ್ಮ ಕೈಯಲ್ಲಿರುವ ಮೊಬೈಲಿನ ಚಿಪ್ ನಡೆಯುವುದೂ ರಾಮನ್ ಪರಿಣಾಮದಿಂದಲೇ. ಕೊನೆಗೆ, ಹೆಮ್ಮೆ ಇದ್ದರೆ ಶೇರ್ ಮಾಡಿ.

ಇದನ್ನು ಈ ಸಲ ನಮಗೆ ಕಳಿಸಿದವರು ಬಸವಕಲ್ಯಾಣದ ಒಬ್ಬ ಓದುಗರು. ಅವರಿಗೆ ಅದು ಹುಮನಾಬಾದಿನ ಸಂಬಂಧಿಕರ ಗ್ರೂಪಿನಿಂದ ಬಂದಿತ್ತು. ಅವರ ಮಗ ಬೆಂಗಳೂರಿನಲ್ಲಿ ಸೆಮಿಕಂಡಕ್ಟರ್ ಪರೀಕ್ಷೆಯ ತರಬೇತಿಯಲ್ಲಿದ್ದಾನೆ. ಅವನು ಕೂರುವ ಕಂಪ್ಯೂಟರಿನ ಪರದೆ ಮೇಲೆ ರಾಮನ್ ಹೆಸರು ಇದೆ, ದಿನಾ ಬೆಳಿಗ್ಗೆ 520.7 ಎಂಬ ಸಂಖ್ಯೆ ಬರುವವರೆಗೆ ಮಷಿನ್ ಮುಟ್ಟಬಾರದಂತೆ. ಹಾಗಾದರೆ ಮೆಸೇಜ್ ನಿಜವೇ ಎಂದು ಅವರು ಕೇಳಿದರು.

ಚಿಪ್ ನಡೆಯುವುದು ರಾಮನ್ ಪರಿಣಾಮದಿಂದಲ್ಲ. ಸಿಲಿಕಾನ್ ತುಂಡಿನೊಳಗೆ ಎಲೆಕ್ಟ್ರಾನುಗಳ ಓಟವನ್ನು ಬಿಡುವ, ತಡೆಯುವ ಕೋಟ್ಯಂತರ ಪುಟ್ಟ ಸ್ವಿಚ್‌ಗಳಿಂದ ಅದು ನಡೆಯುತ್ತದೆ. ಆದರೆ ಆ ಸಿಲಿಕಾನ್ ಸರಿಯಾಗಿದೆಯೋ ಇಲ್ಲವೋ ಎಂದು ನೋಡುವ ಒಂದು ಮುಖ್ಯ ಪರೀಕ್ಷೆ ನಿಂತಿರುವುದು ರಾಮನ್ ಕಂಡದ್ದರ ಮೇಲೆ. ಹುಡುಗನ ಪರದೆ ಮೇಲಿನ ಸಂಖ್ಯೆ ಖರೇ. ಮೆಸೇಜಿನ ಉಳಿದ ಸಾಲುಗಳ ಕತೆ ಬೇರೆ. ಅದಕ್ಕೆ ರಾಮನ್ ಅವರ ಬದುಕನ್ನೇ ಒಮ್ಮೆ ನೋಡಬೇಕು.

ಮೊದಲಿಗೆ ಹುಟ್ಟುಹಬ್ಬ. ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಫೆಬ್ರವರಿ 28 ಅವರ ಪ್ರಯೋಗ ಫಲ ಕೊಟ್ಟ ದಿನ. 1987ರಿಂದ ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವೆಂದು ಆಚರಿಸುತ್ತಿದ್ದೇವೆ.

ತಂದೆ ಚಂದ್ರಶೇಖರ ಅಯ್ಯರ್ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರ ಕಲಿಸುತ್ತಿದ್ದರು. ಅವರಿಗೆ ವಿಶಾಖಪಟ್ಟಣದಲ್ಲಿ ಕೆಲಸ ಸಿಕ್ಕಿದ್ದರಿಂದ ಹುಡುಗ ಬೆಳೆದದ್ದು ಅಲ್ಲಿ. 11ನೇ ವಯಸ್ಸಿಗೆ ಮೆಟ್ರಿಕ್, 1904ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಚಿನ್ನದ ಪದಕದೊಂದಿಗೆ ಬಿ.ಎ. ಇಂಗ್ಲೆಂಡಿಗೆ ಕಳಿಸೋಣವೆಂದರೆ, ಅಲ್ಲಿಯ ಚಳಿಯನ್ನು ಈ ದೇಹ ತಡೆಯದು ಎಂದು ಮದ್ರಾಸಿನ ಸಿವಿಲ್ ಸರ್ಜನ್ ತಡೆದರು. 1906ರಲ್ಲಿ, ಇನ್ನೂ ಎಂ.ಎ. ಓದುತ್ತಿರುವಾಗಲೇ, ಅವರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಫಿಲಾಸಫಿಕಲ್ ಮ್ಯಾಗಜಿನ್‌ನಲ್ಲಿ ಬಂತು.

ಆಗಿನ ಕಾಲಕ್ಕೆ ವಿಜ್ಞಾನ ಹೊಟ್ಟೆ ತುಂಬಿಸುವ ಕೆಲಸವಾಗಿರಲಿಲ್ಲ. 1907ರಲ್ಲಿ ಲೋಕಸುಂದರಿ ಅವರೊಂದಿಗೆ ಮದುವೆ, ಅದೇ ವರ್ಷ ಸರ್ಕಾರದ ಹಣಕಾಸು ಇಲಾಖೆಯ ಪರೀಕ್ಷೆ ಪಾಸಾಗಿ ಕಲ್ಕತ್ತದಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್. ಅಂದರೆ ಲೆಕ್ಕಪತ್ರದ ಸಾಹೇಬರು. ಕಚೇರಿಗೆ ಹೋಗುವ ದಾರಿಯಲ್ಲಿ, ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದ ಬೋರ್ಡು ಕಣ್ಣಿಗೆ ಬಿತ್ತು. ಅದು ವಿಜ್ಞಾನದ ಬೆಳವಣಿಗೆಗಾಗಿ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ್ದ ಸಂಸ್ಥೆ. ಒಳಗೆ ಉಪಕರಣಗಳಿದ್ದವು, ಬಳಸುವವರು ಹೆಚ್ಚಿರಲಿಲ್ಲ. ಅಂದಿನಿಂದ ಬೆಳಿಗ್ಗೆ ಕಚೇರಿಗೆ ಮುಂಚೆ ಅಲ್ಲಿ, ಸಂಜೆ ಕಚೇರಿ ಮುಗಿದ ಮೇಲೆ ಅಲ್ಲಿ. ನಡುವೆ ರಂಗೂನ್, ನಾಗಪುರಕ್ಕೆ ವರ್ಗಾವಣೆಯಾಗಿ ಬಂದದ್ದು ಬಿಟ್ಟರೆ ಹತ್ತು ವರ್ಷ ಅವರು ಹೀಗೆಯೇ ಕಳೆದರು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆ ಬಂದಾಗ ಕಡಿಮೆ ಸಂಬಳಕ್ಕೆ ಒಪ್ಪಿ ಸರ್ಕಾರಿ ಕುರ್ಚಿ ಬಿಟ್ಟರು.

ಆ ವರ್ಷಗಳಲ್ಲಿ ಅವರಿಗೆ ಹಿಡಿದಿದ್ದ ಹುಚ್ಚು ನಾದದ್ದು. ಮೃದಂಗ, ತಬಲಾಗಳ ಚರ್ಮದ ನಡುವೆ ಕರಿ ಹಚ್ಚುತ್ತಾರಲ್ಲ, ಅದರಿಂದಲೇ ಅವುಗಳ ನಾದ ಸ್ವರಕ್ಕೆ ಕೂಡುತ್ತದೆ ಎಂದು ತೋರಿಸಿ 1920ರಲ್ಲಿ ನೇಚರ್ ಪತ್ರಿಕೆಗೆ ಬರೆದರು. ಚರ್ಮ ಹೇಗೆ ಕಂಪಿಸುತ್ತದೆ ಎಂದು ಕೇಳಿದ ಮನುಷ್ಯ ಮುಂದೆ ಅಣುಗಳು ಹೇಗೆ ಕಂಪಿಸುತ್ತವೆ ಎಂದು ಕೇಳಿದ್ದರಲ್ಲಿ ನಮಗೇನೂ ಆಶ್ಚರ್ಯ ಕಾಣುವುದಿಲ್ಲ.

ಈಗ ಆಕಾಶದ ನೀಲಿ. ಅದಕ್ಕೆ ಕಾರಣ ಹೇಳಿದವರು ಇಂಗ್ಲೆಂಡಿನ ಲಾರ್ಡ್ ರ್‍ಯಾಲಿ, 1871ರಲ್ಲಿ. ಆಗ ರಾಮನ್ ಹುಟ್ಟಿರಲೇ ಇಲ್ಲ. ರಾಮನ್ ಕೇಳಿದ್ದು ಸಮುದ್ರದ ನೀಲಿಯನ್ನು. 1921ರಲ್ಲಿ ಮೊದಲ ಸಲ ಇಂಗ್ಲೆಂಡಿಗೆ ಹೋಗಿ ನರ್ಕುಂಡಾ ಎಂಬ ಹಡಗಿನಲ್ಲಿ ವಾಪಸಾಗುವಾಗ, ಸಮುದ್ರದ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂಬ ರ್‍ಯಾಲಿ ಮಾತನ್ನು ಅವರು ಪರೀಕ್ಷೆಗೆ ಒಡ್ಡಿದರು. ನಿಕೋಲ್ ಪ್ರಿಸಂ ಎಂಬ ಪುಟ್ಟ ಹರಳಿನ ತುಂಡನ್ನು ಒಂದು ಕೋನದಲ್ಲಿ ಹಿಡಿದರೆ ನೀರಿನ ಮೇಲ್ಮೈಯಿಂದ ಪ್ರತಿಫಲಿಸುವ ಬೆಳಕು ಕಣ್ಣಿಗೆ ಬರುವುದಿಲ್ಲ. ಹಾಗೆ ಹಿಡಿದು ನೋಡಿದರು. ನೀಲಿ ಹೋಗಲಿಲ್ಲ, ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚೆದುರಿಸುತ್ತಿವೆ ಎಂದು ಅವರು ತೀರ್ಮಾನಿಸಿದರು. ನೀರು ಕೆಂಪು ಬೆಳಕನ್ನು ತಾನೇ ನುಂಗಿಕೊಳ್ಳುವುದೂ ಆ ನೀಲಿಗೆ ದೊಡ್ಡ ಕಾರಣ ಎಂದು ಈಗ ಗೊತ್ತಿದೆ. ಆದರೆ ಮುಖ್ಯವಾದ ಮಾತು ಇದು: ಚೆದುರಿದ ಬೆಳಕಿನ ಬೆನ್ನು ಹತ್ತಿದ ಅವರು ಏಳು ವರ್ಷ ಬಿಡಲಿಲ್ಲ. ಇನ್ನೂರು ರೂಪಾಯಿ ಎನ್ನುವ ಫಾರ್ವರ್ಡಿಗೆ ಈ ಏಳು ವರ್ಷ ಲೆಕ್ಕಕ್ಕೇ ಇಲ್ಲ.

ಒಬ್ಬರೇ ಎಂಬುದೂ ಸರಿಯಲ್ಲ. 1923ರಲ್ಲಿ ಅವರ ಶಿಷ್ಯ ಕೆ.ಆರ್. ರಾಮನಾಥನ್, ಶುದ್ಧ ನೀರಿನಿಂದ ಚೆದುರಿದ ಬೆಳಕಿನಲ್ಲಿ ಬಣ್ಣ ಬದಲಾದ ಒಂದು ಕ್ಷೀಣ ಅಂಶವನ್ನು ಕಂಡಿದ್ದರು. ನೀರಿನಲ್ಲಿ ಏನೋ ಕಲ್ಮಶ ಇರಬೇಕು ಎಂದುಕೊಂಡರು. ಎಷ್ಟು ಸಲ ಶುದ್ಧ ಮಾಡಿದರೂ ಅದು ಹೋಗಲಿಲ್ಲ. 1928ರ ಜನವರಿ, ಫೆಬ್ರವರಿಯಲ್ಲಿ ಇನ್ನೊಬ್ಬ ಶಿಷ್ಯ ಕೆ.ಎಸ್. ಕೃಷ್ಣನ್ ದಿನಾ ಪ್ರಯೋಗಕ್ಕೆ ಕೂತರು.

ಆ ಪ್ರಯೋಗದ ಜೋಡಣೆ ಎಷ್ಟು ಸರಳವೆಂದರೆ ಶಾಲೆಯ ಮಕ್ಕಳಿಗೂ ಹೇಳಬಹುದು. ದೊಡ್ಡ ದೂರದರ್ಶಕದ ಮಸೂರದಿಂದ ಬಿಸಿಲನ್ನು ಒಂದು ಗೆರೆಯಂತೆ ಕೂಡಿಸಿ ದ್ರವದ ಒಳಗೆ ಬಿಡುವುದು. ದ್ರವಕ್ಕೆ ಹೋಗುವ ಮುಂಚೆ ನೀಲಿ-ನೇರಳೆಯನ್ನು ಮಾತ್ರ ಬಿಡುವ ಒಂದು ಸೋಸುಗಾಜು. ದ್ರವದಿಂದ ಬದಿಗೆ ಚೆದುರಿ ಬರುವ ಬೆಳಕಿನ ದಾರಿಯಲ್ಲಿ ಹಳದಿ-ಹಸಿರನ್ನು ಮಾತ್ರ ಬಿಡುವ ಇನ್ನೊಂದು ಗಾಜು. ದ್ರವದಲ್ಲಿ ಬಣ್ಣ ಬದಲಾಗದಿದ್ದರೆ ಎರಡನೇ ಗಾಜಿನಾಚೆ ಕತ್ತಲೆಯೇ ಇರಬೇಕು. ಕತ್ತಲೆ ಇರಲಿಲ್ಲ. ಫೆಬ್ರವರಿ 28ರಂದು ಬಿಸಿಲಿನ ಬದಲು ಪಾದರಸದ ದೀಪ ಇಟ್ಟು ಸ್ಪೆಕ್ಟ್ರೋಸ್ಕೋಪಿನಲ್ಲಿ ನೋಡಿದಾಗ, ಒಳಹೋದ ಬಣ್ಣದಿಂದ ಕತ್ತಲೆಯ ಅಂತರ ಬಿಟ್ಟು ದೂರದಲ್ಲಿ ಹೊಸ ಬೆಳಕು ನಿಂತಿತ್ತು.

ಮಾರ್ಚ್ 16ರಂದು ಅದನ್ನು ವಿಸ್ತಾರವಾಗಿ ವಿಜ್ಞಾನಿಗಳ ಮುಂದೆ ಇಟ್ಟದ್ದು ನಮ್ಮ ಬೆಂಗಳೂರಿನಲ್ಲಿ, ಸೆಂಟ್ರಲ್ ಕಾಲೇಜಿನಲ್ಲಿ ನಡೆದ ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್ ಸಭೆಯಲ್ಲಿ. ಅದೇ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್ಸ್ಟಾಮ್ ಎಂಬಿಬ್ಬರು ಸ್ಫಟಿಕದಲ್ಲಿ ಇದನ್ನೇ ಕಂಡಿದ್ದರು. ರಾಮನ್ ಮೊದಲು ಪ್ರಕಟಿಸಿದರು, ಅನೇಕ ದ್ರವಗಳಲ್ಲಿ ತೋರಿಸಿದರು. 1930ರ ನೊಬೆಲ್ ಅವರೊಬ್ಬರಿಗೇ ಬಂತು. ವಿಜ್ಞಾನದಲ್ಲಿ ಆ ಬಹುಮಾನ ಪಡೆದ ಏಷ್ಯಾದ ಮೊದಲಿಗರು ಅವರು. ಫಾರ್ವರ್ಡಿನಲ್ಲಿ ಕೃಷ್ಣನ್ ಹೆಸರು ಇದ್ದದ್ದನ್ನು ನಾವು ಈವರೆಗೆ ನೋಡಿಲ್ಲ.

ಅವರು ಕಂಡದ್ದೇನು? ಯಾವುದೇ ವಸ್ತುವಿಗೆ ಬೆಳಕು ಬಿದ್ದು ಚೆದುರಿದಾಗ ಹೆಚ್ಚುಕಡಿಮೆ ಎಲ್ಲವೂ ಅದೇ ಬಣ್ಣದಲ್ಲಿ ಹೊರಬರುತ್ತದೆ. ಸುಮಾರು ಕೋಟಿಗೊಂದರಷ್ಟು ಬೆಳಕಿನ ಕಣ ಮಾತ್ರ ಅಲ್ಲಿಯ ಅಣುಗಳನ್ನು ಕುಣಿಸಿ, ಅಷ್ಟು ಶಕ್ತಿ ಕಳೆದುಕೊಂಡು, ಬೇರೆ ಬಣ್ಣವಾಗಿ ಬರುತ್ತದೆ. ಎಷ್ಟು ಕಳೆದುಕೊಂಡಿತು ಎಂಬುದು ಆ ಅಣುವಿನ ಗುರುತು. ಔಷಧ ಕಂಪನಿಗಳು ಕಚ್ಚಾ ಮಾಲಿನ ಡ್ರಮ್ ಒಳಗೆ ಚೀಟಿಯಲ್ಲಿ ಬರೆದದ್ದೇ ಇದೆಯೇ ಎಂದು ನೋಡಲು ಕೈಯಲ್ಲಿ ಹಿಡಿಯುವ ರಾಮನ್ ಉಪಕರಣ ಬಳಸುವುದು ಇದೇ ಕಾರಣಕ್ಕೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ, ಔಷಧ ಕಾರ್ಖಾನೆಗಳಿವೆ. ಅಂಥ ಕಡೆ ದುಡಿಯುವವರಿಗೆ ಈ ಹೆಸರು ಕಿವಿಗೆ ಬಿದ್ದಿರಬಹುದು.

ಸಿಲಿಕಾನಿನ ಗುರುತೇ 520.7. ಒಂದು ಸೆಂಟಿಮೀಟರಿನಲ್ಲಿ ಎಷ್ಟು ಅಲೆ ಎಂಬ ಲೆಕ್ಕದಲ್ಲಿ, ಸಿಲಿಕಾನಿಗೆ ಬಡಿದ ಬೆಳಕು ಕಳೆದುಕೊಳ್ಳುವ ಪಾಲು ಅದು. 532 ನ್ಯಾನೊಮೀಟರಿನ ಹಸಿರು ಲೇಸರ್ ಬಿಟ್ಟರೆ ಸುಮಾರು 547ರಲ್ಲಿ ಆ ಗೆರೆ ಕಾಣುತ್ತದೆ. 785ರ ಲೇಸರ್ ಬಿಟ್ಟರೆ ಸುಮಾರು 818ರಲ್ಲಿ. ಬೆಳಕು ಬೇರೆ, ಆದರೆ ಕಳೆದ ಪಾಲು ಎರಡರಲ್ಲೂ 520.7. ಮಷಿನ್ ನೋಡುವುದು ಬರೀ ಬಣ್ಣ. ಕಳೆಯುವ ಲೆಕ್ಕ ಮಾಡುವುದು ಸಾಫ್ಟ್‌ವೇರ್. ಹಾಗಾಗಿ ಸಾಫ್ಟ್‌ವೇರಿಗೆ ಯಾವ ಲೇಸರ್ ಎಂದು ಸರಿಯಾಗಿ ಹೇಳಿರಬೇಕು.

ಸರಿಯಾಗಿ ಅಂದರೆ ಎಷ್ಟು ಸರಿಯಾಗಿ? ಲೇಸರ್ ನಿಜಕ್ಕೂ 532.1 ಇದ್ದು, ಸೆಟ್ಟಿಂಗ್‌ನಲ್ಲಿ 532.0 ಎಂದು ಹಾಕಿದ್ದಾರೆ ಎನ್ನಿ. ಸಿಲಿಕಾನ್ ಗೆರೆ 520.7ರ ಬದಲು 524ರ ಆಚೆ ಕಾಣುತ್ತದೆ. ಅದರಲ್ಲೇನು ಅನ್ನಬೇಡಿ. ಚಿಪ್ ಮಾಡುವಾಗ ಸಿಲಿಕಾನನ್ನು ಹಿಗ್ಗಿಸಿದರೆ ಈ ಗೆರೆ ಕೆಳಗೆ ಜಾರುತ್ತದೆ, ಒತ್ತಿದರೆ ಮೇಲೆ ಏರುತ್ತದೆ. ಒಂದು ಅಂಕ ಜಾರಿದರೆ ನೂರಾರು ಮೆಗಾಪ್ಯಾಸ್ಕಲ್ ಒತ್ತಡ ಎಂದು ಲೆಕ್ಕ. ಮೂರೂವರೆ ಅಂಕದ ಸುಳ್ಳು ಎಂದರೆ ಸಾವಿರ ಮೆಗಾಪ್ಯಾಸ್ಕಲ್ ಆಸುಪಾಸಿನ ಇಲ್ಲದ ಒತ್ತಡ. ಕಾರಿನ ಟೈರಿನ ಗಾಳಿ ಸುಮಾರು 0.2 ಮೆಗಾಪ್ಯಾಸ್ಕಲ್, ನೀವೇ ಹೋಲಿಸಿ. ಚೆನ್ನಾಗಿರುವ ಬಿಲ್ಲೆಯನ್ನು ಕೆಟ್ಟದ್ದೆಂದು ಬದಿಗಿಡಬಹುದು, ಕೆಟ್ಟದ್ದನ್ನು ಪಾಸ್ ಮಾಡಿಬಿಡಬಹುದು.

ಲೇಸರನ್ನು ಜೋರಾಗಿ ಇಟ್ಟರೂ ಮೋಸವೇ. ಸಿಲಿಕಾನ್ ಕಾಯುತ್ತದೆ, ಸುಮಾರು 50 ಡಿಗ್ರಿ ಕಾದರೆ ಗೆರೆ ಒಂದು ಅಂಕ ಕೆಳಗೆ ಬರುತ್ತದೆ, ನೋಡಿದವರಿಗೆ ಹಿಗ್ಗಿದಂತೆ ಕಾಣುತ್ತದೆ. ಮೆಲ್ಲಗಿಟ್ಟರೆ ಗೆರೆ ಮೂಡಲು ಹೊತ್ತು ಹಿಡಿಯುತ್ತದೆ. ಆಳವೂ ಲೇಸರಿನ ಆಯ್ಕೆಯ ಮೇಲೆ: ಹಸಿರು ಬೆಳಕು ಸಿಲಿಕಾನಿನಲ್ಲಿ ಸುಮಾರು ಒಂದು ಮೈಕ್ರೋಮೀಟರ್ ಇಳಿಯುತ್ತದೆ, 785ರದ್ದು ಅದರ ಹತ್ತು ಪಟ್ಟು. ಚರ್ಮದ ಮೇಲಿನ ಗಾಯ ನೋಡಬೇಕೋ ಒಳಗಿನದೋ ಎಂದು ಮೊದಲೇ ತಿಳಿದಿರಬೇಕು. ಬಾಹ್ಯಾಕಾಶದಿಂದ ಬರುವ ಕಣವೊಂದು ಕ್ಯಾಮೆರಾಗೆ ಬಡಿದು ಸುಳ್ಳು ಗೆರೆ ಎಬ್ಬಿಸುವುದೂ ಉಂಟು. ಅದಕ್ಕೇ ಎರಡು ಸಲ ಓದಿಸಿ, ಒಮ್ಮೆ ಮಾತ್ರ ಕಂಡದ್ದನ್ನು ಸಾಫ್ಟ್‌ವೇರ್ ತೆಗೆದುಹಾಕುತ್ತದೆ. ಇವೆಲ್ಲ ಆಯ್ಕೆಗಳನ್ನು ಕೂಡಿಸಿ ಒಂದು ಹೆಸರಿಟ್ಟು ಉಳಿಸಿದ್ದಕ್ಕೆ ಚಿಪ್ ಕಾರ್ಖಾನೆಯಲ್ಲಿ ರೆಸಿಪಿ ಎನ್ನುತ್ತಾರೆ. ನಮಗೆ ಈ ಪದ ಬಹಳ ಹಿಡಿಸಿತು.

ಬೆಳಿಗ್ಗೆಯ 520.7 ಯಾಕೆಂದು ಈಗ ಗೊತ್ತಾಗಿರಬೇಕು. ರಾತ್ರಿಯಿಡೀ ಕೋಣೆಯ ಬಿಸಿ-ತಂಪು ಬದಲಾಗಿ ಮಷಿನಿನ ಒಳಗಿನ ಭಾಗಗಳು ಕೂದಲೆಳೆಯಷ್ಟು ಅಲುಗಿರುತ್ತವೆ. ಹುಮನಾಬಾದಿನ ಅಡತಿ ಅಂಗಡಿಯಲ್ಲಿ ತೊಗರಿ ಚೀಲ ಏರಿಸುವ ಮುಂಚೆ ಕಾಂಟಾದ ಮೇಲೆ ಗೊತ್ತಿರುವ ಕಲ್ಲು ಇಟ್ಟು ನೋಡುತ್ತಾರಲ್ಲ, ಹಾಗೆ. ಇಲ್ಲಿ ಕಲ್ಲು ಎಂದರೆ ಒತ್ತಡವಿಲ್ಲದ ಶುದ್ಧ ಸಿಲಿಕಾನಿನ ಒಂದು ಚೂರು. ಅದು 520.7 ತೋರಿಸದಿದ್ದರೆ ತಿದ್ದಬೇಕಾದ್ದು ಮಷಿನನ್ನು. ಕೆಲವು ಲ್ಯಾಬ್‌ಗಳಲ್ಲಿ 520.5 ಎಂದು ಹಿಡಿಯುತ್ತಾರೆ. ಯಾವುದಾದರೂ ಸರಿ, ಎಲ್ಲರೂ ಒಂದೇ ಹಿಡಿಯಬೇಕು ಅಷ್ಟೆ.

ರಾಮನ್ ಸ್ವತಃ ಸಿಲಿಕಾನ್ ಗೆರೆ ನೋಡಿದವರಲ್ಲ. ಕಣ್ಣಿಗೆ ಕಾಣುವ ಬೆಳಕು ಸಿಲಿಕಾನನ್ನು ದಾಟುವುದಿಲ್ಲ, ಪಾದರಸದ ದೀಪದ ಕಾಲಕ್ಕೆ ಅದು ಆಗದ ಮಾತು. ಲೇಸರ್ ಬಂದ ಮೇಲೆ, 1960ರ ದಶಕದಲ್ಲಿ ಅದನ್ನು ಅಳೆದರು. ಆದರೆ ಸಿಲಿಕಾನಿನಂತೆಯೇ ಪರಮಾಣುಗಳನ್ನು ಜೋಡಿಸಿಕೊಂಡಿರುವ ಇನ್ನೊಂದು ಹರಳಿನ ಮೇಲೆ ಅವರು ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೂತರು. ಅದು ವಜ್ರ. ಅದರ ಗುರುತು 1332.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನ ಟಾಟಾ ಇನ್ಸ್ಟಿಟ್ಯೂಟ್ ಎನ್ನುತ್ತಿದ್ದ ಜಾಗಕ್ಕೆ, ನಿರ್ದೇಶಕರಾಗಿ ಬಂದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಭೌತಶಾಸ್ತ್ರ ವಿಭಾಗ ತೆರೆದರು, ಮರುವರ್ಷ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಕಟ್ಟಿದರು. ಹಣ, ಅಧಿಕಾರದ ಜಗಳಗಳೂ ಬೇಗನೆ ಶುರುವಾದವು. 1937ರಲ್ಲಿ ನಿರ್ದೇಶಕ ಸ್ಥಾನ ಬಿಡಬೇಕಾಯಿತು, ಪ್ರಾಧ್ಯಾಪಕರಾಗಿ 1948ರವರೆಗೆ ಉಳಿದರು.

ಫಾರ್ವರ್ಡಿನಲ್ಲಿ ಬರದ ಎರಡು ಸಂಗತಿ ಇಲ್ಲಿವೆ. 1933ರಲ್ಲಿ ಬಾಂಬೆಯಿಂದ ಬಂದ ಕಮಲಾ ಭಾಗ್ವತ್ ಎಂಬ ಯುವತಿಗೆ, ಹೆಣ್ಣು ಎಂಬ ಕಾರಣಕ್ಕೆ ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡದಿದ್ದಾಗ ಒಂದು ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತು ಹಾಕಿ ಸೇರಿಸಿಕೊಂಡರು. ಅದೇ ಕಮಲಾ ಸೊಹೊನಿ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದು ದೊಡ್ಡ ಜೀವರಸಾಯನ ವಿಜ್ಞಾನಿಯಾದರು. ಅವರನ್ನು ನೋಡಿದ ಮೇಲೆ ರಾಮನ್ ತಮ್ಮ ಲ್ಯಾಬಿಗೆ ಹೆಣ್ಣುಮಕ್ಕಳನ್ನು ತೆಗೆದುಕೊಂಡರು. ಅವರಲ್ಲಿ ಅನ್ನಾ ಮಣಿ ಒಬ್ಬರು. 1940ರಿಂದ ಐದು ವರ್ಷ ಅವರು ಮಾಡಿದ್ದು ರಾಮನ್ ಕೂಡಿಸಿಟ್ಟ ವಜ್ರಗಳ ಪರೀಕ್ಷೆ. ಮೂವತ್ತಕ್ಕೂ ಹೆಚ್ಚು ವಜ್ರ. ಒಂದೊಂದು ಫೋಟೊ ತಟ್ಟೆಗೆ 15-20 ಗಂಟೆ ಬೆಳಕು ಬೀಳಬೇಕು, ರಾತ್ರಿ ಲ್ಯಾಬಿನಲ್ಲೇ ಕಳೆಯಬೇಕು. ಈಗ ಪರದೆ ಮೇಲೆ ಸೆಕೆಂಡುಗಳಲ್ಲಿ ಹಾಕುವ ಎಕ್ಸ್‌ಪೋಶರ್ ಸಂಖ್ಯೆ ಆಗ ಒಬ್ಬ ಮನುಷ್ಯಳ ನಿದ್ದೆಯಾಗಿತ್ತು. ಪ್ರಬಂಧ ಸಿದ್ಧವಾದರೂ, ಎಂ.ಎಸ್ಸಿ. ಇಲ್ಲ ಎಂದು ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ಅನ್ನಾ ಮಣಿ ಮುಂದೆ ಹವಾಮಾನ ಇಲಾಖೆ ಸೇರಿ, ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ದೇಶದಲ್ಲೇ ಮಾಡಿಸಿ, ಒಂದಕ್ಕೊಂದು ತಾಳೆಯಾಗುವಂತೆ ನಿಲ್ಲಿಸಿದರು.

ವಜ್ರದ ವಿಷಯದಲ್ಲಿ ರಾಮನ್ ಸೋತದ್ದೂ ಉಂಟು. ಹರಳಿನೊಳಗಿನ ಪರಮಾಣುಗಳು ಎಣಿಸಬಹುದಾದ ಕೆಲವೇ ಬಗೆಯಲ್ಲಿ ಕಂಪಿಸುತ್ತವೆ ಎಂದು ಅವರ ವಾದ. ಇಲ್ಲ, ಅವು ಒಂದಕ್ಕೊಂದು ಸೇರಿಕೊಂಡ ಅಸಂಖ್ಯ ಬಗೆ ಎಂದು ಜರ್ಮನಿಯ ಮ್ಯಾಕ್ಸ್ ಬಾರ್ನ್ ವಾದ. ಹಿಟ್ಲರನಿಂದಾಗಿ ದೇಶ ಬಿಟ್ಟಿದ್ದ ಬಾರ್ನ್ ಅವರನ್ನು 1935ರಲ್ಲಿ ಬೆಂಗಳೂರಿಗೆ ಕರೆಸಿಕೊಂಡವರು ರಾಮನ್ ಅವರೇ. ವಾದ ವರ್ಷಗಟ್ಟಲೆ ನಡೆಯಿತು, ಸ್ನೇಹ ಕೆಟ್ಟಿತು. ರಾಮನ್ ಲ್ಯಾಬಿನ ಅಳತೆಗಳು ಬಹಳ ಒಳ್ಳೆಯವು. ಅವುಗಳಿಗೆ ಅವರು ಕೊಟ್ಟ ಅರ್ಥ ತಪ್ಪಾಗಿತ್ತು, ಬಾರ್ನ್ ಹೇಳಿದ್ದೇ ನಿಂತಿತು. ರಾಮನ್ ಕೊನೆಯವರೆಗೆ ಒಪ್ಪಲಿಲ್ಲ. ಇವತ್ತು ಸಿಲಿಕಾನ್ ಗೆರೆ ಜಾರಿದ್ದನ್ನು ಒತ್ತಡವಾಗಿ ಲೆಕ್ಕ ಹಾಕುವ ಸಾಫ್ಟ್‌ವೇರ್ ಒಳಗಿರುವುದು ಬಾರ್ನ್ ಹಾಕಿಕೊಟ್ಟ ದಾರಿಯ ಗಣಿತ, ಹೊರಗೆ ಬರೆದಿರುವುದು ರಾಮನ್ ಹೆಸರು.

ಬಸವಕಲ್ಯಾಣದಂಥ ಊರಿನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವವರಿಗೆ ಒಂದು ಮಾತು. ರಾಮನ್ ಕೂತ ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈಗ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ ಇದೆ. ಅಲ್ಲಿ ಚಿಪ್ ಮಾಡುವ ಸ್ವಚ್ಛ ಕೋಣೆಯೂ ಇದೆ, ರಾಮನ್ ಉಪಕರಣವೂ ಇದೆ. ಕೇಂದ್ರ ಸರ್ಕಾರದ ಇಂಡಿಯನ್ ನ್ಯಾನೊಎಲೆಕ್ಟ್ರಾನಿಕ್ಸ್ ಯೂಸರ್ಸ್ ಪ್ರೋಗ್ರಾಂ ಮೂಲಕ ಹೊರಗಿನ ಕಾಲೇಜುಗಳ ವಿದ್ಯಾರ್ಥಿಗಳು, ಅಧ್ಯಾಪಕರು ಅಂಥ ಕೇಂದ್ರಗಳಲ್ಲಿ ತರಬೇತಿಗೆ ಅರ್ಜಿ ಹಾಕಬಹುದು. ಇದನ್ನು ಗ್ರೂಪಿಗೆ ಹಾಕುವುದಾದರೆ ಧಾರಾಳವಾಗಿ ಹಾಕಿ.

1948ರಲ್ಲಿ ನಿವೃತ್ತರಾದ ರಾಮನ್, ಮೈಸೂರು ಸಂಸ್ಥಾನ ಕೊಟ್ಟ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿಕೊಂಡರು. 1954ರಲ್ಲಿ ಭಾರತ ರತ್ನ ಬಂತು. ಲೇಸರ್ ಬಂದು ಪ್ರಪಂಚದ ಲ್ಯಾಬ್‌ಗಳೆಲ್ಲ ಅವರ ಹೆಸರಿನ ಪರಿಣಾಮಕ್ಕೆ ಮರಳುತ್ತಿದ್ದ ವರ್ಷಗಳಲ್ಲಿ ಅವರು ಹೂವಿನ ಬಣ್ಣ ಮತ್ತು ನಮ್ಮ ಕಣ್ಣು ಬಣ್ಣ ನೋಡುವ ಬಗೆಯನ್ನು ಹಿಡಿದು ಕೂತಿದ್ದರು. 1970ರ ನವೆಂಬರ್ 21ರಂದು, 82ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ಚಿತೆ ಇಟ್ಟರು. ಆ ಜಾಗದಲ್ಲಿ ಸಮಾಧಿ ಕಟ್ಟಲಿಲ್ಲ, ಒಂದು ಮರ ನೆಟ್ಟರು.